ಸೋಮಣ್ಣನ ಸಾವು ಒಪ್ಪಿಸಿದ್ದು

ಸೋಮಣ್ಣನ ಪಾದ ತಣ್ಣಗಾಗಿ, ಮೊಣಕಾಲು ತಣ್ಣಗಾಗಿ, ತಂಪು ಸೊಂಟದವರೆಗೂ ಏರಿ, ಅಲ್ಲಿಂದ ಮತ್ತೆ ಇಳಿದು ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಡಾಕ್ಟರ್ ಲೋಬೊ ಮುಟ್ಟಿ ನೋಡುವ ಮೊದಲೇ ಕಂಡೆ. ಕಾಲಿನ ಹೆಬ್ಬೆರಳ ಉಗುರಿನ ಕೆಳಗೆ ಬೂದಿ ಬಣ್ಣ ಬಂದಿತ್ತು, ಅದು ನಿಧಾನವಾಗಿ ಕರಗಿ ಉಗುರು ಮತ್ತೆ ಕೆಂಪಾಯಿತು. ನಾನು ನಿಂತದ್ದು ಪಾದದ ಹತ್ತಿರ. ವಕೀಲ ಧರಣೇಂದ್ರಯ್ಯನವರು ಸಾವು ಒಪ್ಪಿಸುವಾಗ ಅವರ ಜೂನಿಯರ್ ನಿಲ್ಲಬೇಕಾದ ಜಾಗ ಅದು. ಎಷ್ಟೋ ವರ್ಷಗಳಿಂದ ಅಲ್ಲಿ ನಿಲ್ಲುತ್ತಿದ್ದೇನೆ. ತಂಪು ಏರದೇ ಇದ್ದದ್ದನ್ನು ನೋಡಿದ್ದೆ, ಏರಿದ್ದು ಹಿಂದಕ್ಕೆ ಬಂದದ್ದನ್ನು ನೋಡಿರಲಿಲ್ಲ.

"ಬೆಚ್ಚಗಾಗ್ಬಿಡ್ತು" ಎಂದರು ಡಾಕ್ಟರು, ಯಾರಿಗೂ ಅಲ್ಲದ ಹಾಗೆ.

ಸೋಮಣ್ಣನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ ಅವನ ತಾಯಿ ಪುಟ್ಟತಾಯಮ್ಮ ಬಾಗಿಲ ಕಡೆ ತಿರುಗಿದಳು. ಬಾಗಿಲಲ್ಲಿ ಕಾನ್‌ಸ್ಟೇಬಲ್ ಗಂಗೂಬಾಯಿ ಆರೋಪಿಯ ಮಣಿಕಟ್ಟು ಹಿಡಿದು ನಿಂತಿದ್ದಳು. ಆರೋಪಿ ಎಂದರೆ ಪುಟ್ಟತಾಯಮ್ಮನ ಸೊಸೆ, ಸಂಗವ್ವ.

"ನಂಗೊತ್ತಿತ್ತು" ಎಂದಳು ಪುಟ್ಟತಾಯಮ್ಮ. "ವಕೀಲರು ಕಟ್ಟಿದ ಕತೇನೆಲ್ಲ ನನ್ನ ಮಗ ನಂಬ್ತಾನಾ. ಕೊಂದೋಳು ಅಲ್ಲಿ ನಿಂತವಳೆ, ಕಲ್ಲಿನ ಹಂಗೆ."

ಧರಣೇಂದ್ರಯ್ಯನವರು ಕನ್ನಡಕ ತೆಗೆದು ಕೋಟಿನ ಅಂಚಿನಲ್ಲಿ ಒರೆಸಿಕೊಂಡರು. ಒರೆಸುತ್ತಲೇ ಇದ್ದರು.

ನಮ್ಮೂರಲ್ಲಿ ಮನುಷ್ಯರ ಕೈಯಿಂದ ಸತ್ತವರು ತಣ್ಣಗಾಗುವುದಿಲ್ಲ. ಮುಪ್ಪಿನಿಂದ, ಜ್ವರದಿಂದ, ಹಾವು ಕಚ್ಚಿ ಸತ್ತವರು ಎಲ್ಲ ಊರುಗಳಲ್ಲಿ ಹೇಗೋ ಹಾಗೆ ತಣ್ಣಗಾಗುತ್ತಾರೆ, ಅವರನ್ನು ಅದೇ ದಿನ ಮಣ್ಣು ಮಾಡುತ್ತಾರೆ. ಕೊಲೆಯಾದವರನ್ನು ಮಾತ್ರ ಜಿಲ್ಲಾ ಆಸ್ಪತ್ರೆಯ ಹಿಂದಿನ ಹೆಂಚಿನ ಕಟ್ಟಡಕ್ಕೆ ತಂದು ಮಲಗಿಸುತ್ತಾರೆ. ಅದಕ್ಕೆ ಕಾಯುವ ಮನೆ ಎಂದು ಹೆಸರು. ಅವರು ಅಲ್ಲಿ ಕೊಳೆಯದೆ, ಬಣ್ಣಗೆಡದೆ, ಬೆಚ್ಚಗೆ ಮಲಗಿರುತ್ತಾರೆ. ಅವರ ಸಾವು ಹೇಗಾಯಿತೆಂದು ಯಾರಾದರೂ ಅವರ ಮುಂದೆ ನಿಂತು, ಆದದ್ದನ್ನು ಆದ ಹಾಗೆ ಹೇಳಿ ಮುಗಿಸಿದ ದಿನ ತಣ್ಣಗಾಗುತ್ತಾರೆ. ಇದನ್ನೇ ನಾವು ಸಾವು ಒಪ್ಪಿಸುವುದು ಎನ್ನುತ್ತೇವೆ. ತಂಪು ಪಾದದಿಂದ ಮೇಲಕ್ಕೆ ಬರುತ್ತದೆ. ಹಣೆ ಮುಟ್ಟಿದ ಮೇಲೆ ಡಾಕ್ಟರು ಬರೆದುಕೊಡುತ್ತಾರೆ, ಕೋರ್ಟು ಅದನ್ನು ಒಪ್ಪುತ್ತದೆ. ಅಲ್ಲಿಗೆ ಮೊಕದ್ದಮೆ ಮುಗಿಯಿತು.

ಚಳಿಗಾಲದಲ್ಲಿ ಆಸ್ಪತ್ರೆಯ ಬೆಕ್ಕುಗಳೆಲ್ಲ ಕಾಯುವ ಮನೆಗೇ ಬಂದು ಮಲಗುತ್ತವೆ. ಕಾವಲಿನ ರಂಗಜ್ಜ ಓಡಿಸಿ ಓಡಿಸಿ ಸಾಕಾಗಿ ಬಿಟ್ಟಿದ್ದಾನೆ. "ಬದುಕಿರೋರು ಯಾರು ಇಷ್ಟು ಹೊತ್ತು ಅಲ್ಲಾಡದೆ ಮಲಗಿ ಕೊಡ್ತಾರೆ ಹೇಳಿ" ಎನ್ನುತ್ತಾನೆ. ಮನೆಯವರು ದಿನಾ ಬರುತ್ತಾರೆ, ಕೈ ಹಿಡಿದು ಕೂರುತ್ತಾರೆ, ತಲೆ ಬಾಚುತ್ತಾರೆ. ಒಬ್ಬ ಹೆಂಗಸು ತನ್ನ ಗಂಡನಿಗೆ ಪ್ರತಿದಿನ ಪತ್ರಿಕೆ ಓದಿ ಹೇಳಿ, ಪದಬಂಧ ಬಿಡಿಸಿಕೊಂಡು ಮನೆಗೆ ಹೋಗುತ್ತಿದ್ದಳು. ಅವನನ್ನು ಧರಣೇಂದ್ರಯ್ಯನವರು ತಣ್ಣಗೆ ಮಾಡಿದ ದಿನ ಅವಳು ಅವರಿಗೆ ಕೈ ಮುಗಿದು ಹೋದಳು, ಆಮೇಲೆ ನಮ್ಮ ಬೀದಿಯಲ್ಲಿ ಅವರನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು.

ಒಪ್ಪಿಸುವ ಹೊಣೆ ಆರೋಪಿಯ ಕಡೆಯವರದು. ಪೊಲೀಸರು ಹಿಡಿದು ತರುತ್ತಾರೆ, ಅಷ್ಟೇ. ಯಾಕೆ ಹೀಗೆ ಎಂದು ಕಾನೂನು ಕಾಲೇಜಿನಲ್ಲಿ ಒಮ್ಮೆ ಕೇಳಿದ್ದೆ. ಮೇಷ್ಟ್ರು ನನ್ನನ್ನು ಕೂತುಕೊಳ್ಳಲು ಹೇಳಿದರು. ಹಿಂದೆ ಎಷ್ಟು ಸಲ ಬೇಕಾದರೂ ಒಪ್ಪಿಸಬಹುದಿತ್ತಂತೆ. ಯಾರೋ ಒಬ್ಬ ವಕೀಲ ಮತದಾರರ ಪಟ್ಟಿಯನ್ನೇ ತಂದು ಹೆಣದ ಕಿವಿಯಲ್ಲಿ ಓದಿದ. ಅವನ ಗಂಟಲು ಕಟ್ಟಿತೇ ಹೊರತು ಹೆಣದ ಒಂದು ಬೆರಳೂ ತಣ್ಣಗಾಗಲಿಲ್ಲ. ಬರೀ ಹೆಸರು ಸಾಲದು, ಹೇಗಾಯಿತೆಂಬುದು ಬೇಕು. ಅಂದಿನಿಂದ ಒಂದು ಮೊಕದ್ದಮೆಗೆ ಎರಡೇ ಸಲ ಎಂದು ನಿಯಮ ಬಂತು. ಎರಡು ಸಲವೂ ತಣ್ಣಗಾಗದಿದ್ದರೆ ಪೊಲೀಸರು ಬರೆದದ್ದೇ ನಿಜ ಎಂದು ಆರೋಪಿಯನ್ನು ಗಲ್ಲಿಗೆ ಹಾಕುತ್ತಾರೆ.

ಹಾಗಾಗಿ ನಮ್ಮೂರಿನ ಕ್ರಿಮಿನಲ್ ವಕೀಲರು ಕಕ್ಷಿದಾರನನ್ನು ಬಿಡಿಸಬೇಕೆಂದರೆ ಕೊಲೆಯನ್ನು ತಾವೇ ಕಂಡುಹಿಡಿಯಬೇಕು. ಧರಣೇಂದ್ರಯ್ಯನವರು ನಲವತ್ತು ವರ್ಷ ಮಾಡಿದ್ದು ಅದನ್ನೇ. ಬಾವಿಗೆ ಬಿದ್ದು ಸತ್ತಿದ್ದ ಹುಡುಗಿಯೊಬ್ಬಳು ಬೆಚ್ಚಗೇ ಇದ್ದಳು, ಅವಳ ಚಿಕ್ಕಪ್ಪನನ್ನು ಹಿಡಿದಿದ್ದರು. ಕಟ್ಟೆ ಒಡೆದು ಎರಡು ಮಳೆಗಾಲ ಕಳೆದರೂ ಕಟ್ಟಿಸದೆ ಬಿಟ್ಟ ಮನೆಯೊಡೆಯನ ಹೆಸರು ಹೇಳಿ ಇವರು ಅವಳನ್ನು ತಣ್ಣಗೆ ಮಾಡಿದ್ದರು. ಮಾಡಿದ್ದೂ ಕೈ, ಮಾಡದೆ ಬಿಟ್ಟಿದ್ದೂ ಕೈ ಎಂದು ಅಂದು ಕೋರ್ಟಿನಲ್ಲಿ ಎಲ್ಲರೂ ಆಡಿಕೊಂಡರು. ಅವರಲ್ಲಿ ಒಂದು ಪಟ್ಟು ಇತ್ತು. ಜಡ್ಜಿನ ಮುಂದೆ ಏನನ್ನಾದರೂ ತಿರುಚಿ ಹೇಳಿಯಾರು, ಸತ್ತವರ ಮುಂದೆ ತಮಗೆ ಸುಳ್ಳೆಂದು ಗೊತ್ತಿದ್ದ ಒಂದು ಮಾತನ್ನೂ ಆಡುತ್ತಿರಲಿಲ್ಲ.

ಸೋಮಣ್ಣ ಸತ್ತ ಬೆಳಿಗ್ಗೆ ನಾನು ಧರಣೇಂದ್ರಯ್ಯನವರ ಮನೆಯ ಮುಂದಿನ ಕೋಣೆಯಲ್ಲಿದ್ದ ಆಫೀಸಿನಲ್ಲಿ ಕೂತಿದ್ದೆ. ಸೋಮಣ್ಣನ ಬಾಡಿಗೆ ಮನೆ ಅದೇ ಬೀದಿಯಲ್ಲಿ, ನಾಲ್ಕು ಮನೆ ಆಚೆ. ಅವನು ಸೋಡಾ ತುಂಬಿ ಅಂಗಡಿಗಳಿಗೆ ಹಾಕುತ್ತಿದ್ದ. ಸಂಗವ್ವ ದೂರದ ಊರಿನವಳು, ಎರಡು ಬಸ್ಸು ಬದಲಿಸಿ ಬರಬೇಕು, ಮಾತೂ ಬೇರೆ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವಳು ತವರಿಗೆ ಹೋಗುವ ವಿಷಯಕ್ಕೆ ಆ ಬೆಳಿಗ್ಗೆ ಇಬ್ಬರೂ ಜಗಳವಾಡಿದ್ದು ಪಕ್ಕದ ಮನೆಯವರಿಗೆಲ್ಲ ಕೇಳಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳ ಕೂಗು ಕೇಳಿತು. ಯಾರೋ ಬಂದು, "ವಕೀಲರೇ, ಬೇಗ ಬನ್ನಿ" ಎಂದರು. ನಮ್ಮ ಬೀದಿಯಲ್ಲಿ ಇಂಥದ್ದಕ್ಕೆಲ್ಲ ಮೊದಲು ಕರೆಯುವುದು ಅವರನ್ನೇ.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸೋಮಣ್ಣ ಅಂಗಾತ ಬಿದ್ದಿದ್ದ. ತಲೆಯ ಹಿಂದೆ ರಕ್ತ. ಧರಣೇಂದ್ರಯ್ಯನವರು ಬಗ್ಗಿ ಬರಿಗಾಲಿನ ಅಂಗಾಲಿಗೆ ಕೈ ಇಟ್ಟರು. ಅವರು ಯಾವಾಗಲೂ ಅಲ್ಲೇ ಮುಟ್ಟಿ ನೋಡುವುದು. ಕೂಗಿದರು, ಅಲುಗಿಸಿದರು, ಅವನು ಮಿಸುಕಲಿಲ್ಲ. ಮತ್ತೆ ಅಂಗಾಲು ಮುಟ್ಟಿದರು. "ಬೆಚ್ಚಗಿದೆ" ಎಂದರು. "ಕೊಲೆ. ಯಾರೂ ಮುಟ್ಟಬೇಡಿ. ಪೊಲೀಸಿಗೆ ಹೇಳಿಕಳಿಸಿ."

ಸಂಗವ್ವ ಒಂದು ಚೊಂಬು ನೀರು ಹಿಡಿದು ನುಗ್ಗಿದಳು. ಪಕ್ಕದ ಮನೆಯ ಗಂಡಸರು ಅವಳ ರಟ್ಟೆ ಹಿಡಿದುಕೊಂಡರು. ನೀರು ನೆಲಕ್ಕೆ ಚೆಲ್ಲಿತು. ಅವಳು ಇನ್ನೊಂದು ಚೊಂಬು ತರಲು ಓಡಿದಳು, ಮತ್ತೆ ಹಿಡಿದರು. ಹಿಟ್ಟಿನ ಗಿರಣಿಗೆ ಹೋಗಿದ್ದ ಪುಟ್ಟತಾಯಮ್ಮ ಅಷ್ಟರಲ್ಲಿ ಬಂದಳು. ಅತ್ತಳು, ಎದೆ ಬಡಿದುಕೊಂಡಳು. ಆಮೇಲೆ ಹಿರಿಯರು ಹೇಳಿದಂತೆ ಮನೆಯ ಹಿರಿಯ ಹೆಂಗಸು ಮಾಡಬೇಕಾದ್ದನ್ನು ಮಾಡಿದಳು. ಬೆಚ್ಚಗಿರುವ ದೇಹಕ್ಕೆ ಇರುವೆ ಬೇಗ ಹತ್ತುತ್ತವೆ. ಅದಕ್ಕೇ ನಮ್ಮಲ್ಲಿ ಪೊಲೀಸರು ಬರುವವರೆಗೂ ಕಾಯದೆ ಮೂಗಿಗೆ ಹತ್ತಿ ಇಟ್ಟು, ಬಾಯಿ ತೆರೆಯದ ಹಾಗೆ ದವಡೆಗೆ ಬಟ್ಟೆ ಕಟ್ಟುತ್ತಾರೆ. ಜೀಪು ಕೆಟ್ಟಿದೆಯೆಂದು ತಡಮಾಡಿ ಪೊಲೀಸರು ಬಂದಾಗ ಬಿಸಿಲು ಏರಿತ್ತು. ಅಲ್ಲಿಯವರೆಗೆ ನಾವೆಲ್ಲ ಸೋಮಣ್ಣನ ಸುತ್ತ ನಿಂತು ಮೆಲ್ಲಗೆ ಮಾತಾಡುತ್ತಿದ್ದೆವು.

ಜಗಳವಾಡಿ ಒಗೆಯುವ ಕಲ್ಲಿಗೆ ತಲೆ ಜಜ್ಜಿದಳು, ರಕ್ತ ತೊಳೆದು ಗುರುತು ಅಳಿಸಲು ಎರಡೆರಡು ಸಲ ನೀರು ತಂದಳು ಎಂದು ಪೊಲೀಸರು ಬರೆದರು. ನೋಡಿದವರು ಬೇಕಾದಷ್ಟಿದ್ದರು.

ಜೈಲಿನಲ್ಲಿ ಅವಳನ್ನು ಕಂಡದ್ದು ನಾನು. ಹೆಂಗಸರ ಹತ್ತಿರ ನೀನೇ ಮಾತಾಡಮ್ಮ ಎಂದು ಸರ್ ಕಳಿಸಿದ್ದರು. ಅವಳು ಕಂಬಿಗೆ ಹಣೆ ಒತ್ತಿಕೊಂಡು ಕೂತಿದ್ದಳು.

"ನೀರು ಯಾಕೆ ತಂದೆ?" ಎಂದು ಕೇಳಿದೆ.

"ಮಾರಿಗೆ ಹೊಡದ್ರ ಏಳ್ತಾರಂತ ಮಾಡಿದ್ದೆರೀ."

"ಮುಖಕ್ಕೆ ನೀರು ಹೊಡೆದರೆ ಸತ್ತವರು ಏಳ್ತಾರಾ ಸಂಗವ್ವ?"

"ಬೆಚ್ಚಗಿದ್ರಲ್ರೀ ಮೇಡಮ್."

ನಾನು ಅವಳಿಗೆ ತಾಳ್ಮೆಯಿಂದ ತಿಳಿಸಿ ಹೇಳಿದೆ. ನಿಮ್ಮ ಕಡೆ ಹೇಗೋ ಗೊತ್ತಿಲ್ಲ, ಇಲ್ಲಿ ಕೊಲೆಯಾದವರು ಬೆಚ್ಚಗೇ ಇರುತ್ತಾರೆ, ಬೆಚ್ಚಗಿದ್ದದ್ದಕ್ಕೇ ಅದು ಕೊಲೆ ಎಂದು ಗೊತ್ತಾದದ್ದು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ಹಂಗೇನ್ರೀ" ಎಂದಳು. "ನಮ್ಮ ಕಡೆ ಹಂಗಿಲ್ರೀ." ನಾನು ಅದನ್ನು ಬರೆದುಕೊಳ್ಳಲಿಲ್ಲ. ಮಾತಿನಲ್ಲಿ ಹುಷಾರಾಗಿರುವವಳು ಎಂದು ನನ್ನನ್ನು ಎಲ್ಲರೂ ಅನ್ನುತ್ತಾರೆ. ಬೇರೆಯವರ ಮಾತನ್ನು ಕೇಳಿಸಿಕೊಳ್ಳುವುದರಲ್ಲಿ ಅಷ್ಟು ಹುಷಾರು ಇರಲಿಲ್ಲ.

ಮೊದಲ ಸಲ ಸರ್ ಒಪ್ಪಿಸಿದ್ದು ಹೀಗೆ. ಸೋಮಣ್ಣ, ನೀನು ಹೆಂಡತಿಯ ಮೇಲೆ ಸಿಟ್ಟು ಮಾಡಿಕೊಂಡು ಹಿತ್ತಲಿಗೆ ಬಂದೆ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲಿಟ್ಟು ಜಾರಿದೆ. ಪಾದ ತಣ್ಣಗಾಯಿತು. ಒಗೆಯುವ ಕಲ್ಲಿನ ಅಂಚು ನಿನ್ನ ತಲೆಗೆ ಬಡಿಯಿತು. ಮೊಣಕಾಲು. ಹೆಂಡತಿ ಒಲೆಯ ಮುಂದಿದ್ದಳು, ನೀನು ಬಿದ್ದ ಸದ್ದು ಅವಳಿಗೆ ಕೇಳಲಿಲ್ಲ, ತಡವಾಗಿ ಬಂದಳು. ಸೊಂಟ. ನಮಗೆಲ್ಲ ಜೀವ ಬಂದ ಹಾಗಾಯಿತು, ಗಂಗೂಬಾಯಿ ಕೂಡ ಸಂಗವ್ವನ ಕಿವಿಯಲ್ಲಿ ಏನೋ ಸಮಾಧಾನ ಹೇಳಿದಳು. ಅಲ್ಲೇ, ಯಾರೂ ಎತ್ತುವವರಿಲ್ಲದೆ ನಿನ್ನ ಪ್ರಾಣ ಹೋಯಿತು. ಪಾಚಿ ಕೀಳದೆ ಬಿಟ್ಟ ಮನೆಯ ಮಾಲೀಕ ಇದಕ್ಕೆ ಹೊಣೆ. ಬಾವಿಯ ಮೊಕದ್ದಮೆಯ ದಾರಿಯಲ್ಲೇ ಅವರು ಹೊರಟಿದ್ದರು. ಆಗ ತಂಪು ಇಳಿದುಹೋಯಿತು.

ಆ ಸಂಜೆ ಆಫೀಸಿನಲ್ಲಿ ನಾವಿಬ್ಬರೇ ಇದ್ದೆವು. ಧರಣೇಂದ್ರಯ್ಯನವರು ಸೂರ್ಯ ಮುಳುಗುವ ಮೊದಲು ಊಟ ಮುಗಿಸುತ್ತಾರೆ, ಆಮೇಲೆ ನೀರು ಬಿಟ್ಟು ಏನೂ ಮುಟ್ಟುವುದಿಲ್ಲ. ಮೇಜಿನ ಮೇಲಿನ ಫೈಲುಗಳನ್ನು ಸರಿಸಿ ತಟ್ಟೆ ಇಟ್ಟುಕೊಂಡಿದ್ದರು. ಚಪಾತಿ, ಹೆಸರುಕಾಳಿನ ಪಲ್ಯ. ಬೆಳಗಿನಿಂದ ಏನೂ ತಿಂದಿರಲಿಲ್ಲ.

"ಎಲ್ಲಿ ತಪ್ಪಿತು ಹೇಳು" ಎಂದರು. "ನೀನು ಪಾದದ ಹತ್ತಿರ ಇದ್ದವಳು."

"ಜಾರಿದ ಅಂದಾಗ ಏರಿತು ಸರ್. ತಲೆ ಬಡಿಯಿತು ಅಂದಾಗ ಏರಿತು. ಸಂಗವ್ವ ತಡವಾಗಿ ಬಂದಳು ಅಂದಾಗಲೂ ಏರಿತು."

"ಅಲ್ಲಿಗೆ ಅವಳು ಹೊಡೆದಿಲ್ಲ. ಅದು ನನಗೂ ನಿನಗೂ ಗೊತ್ತಾಯ್ತು, ಹಣೆ ತಣ್ಣಗಾಗದೆ ಕೋರ್ಟು ಒಪ್ಪಲ್ಲ. ಆಮೇಲೆ?"

"ಅಲ್ಲೇ ಪ್ರಾಣ ಹೋಯಿತು ಅಂದಿರಿ. ಆಗ ಇಳೀತು."

"ಮಾಲೀಕನ ಹೆಸರು ಹೇಳಿದಾಗ ಇಳಿದಿರಬೇಕು."

"ಇಲ್ಲ ಸರ್. ಮಾಲೀಕ ಅನ್ನೋ ಹೊತ್ತಿಗೆ ಉಗುರು ಕೆಂಪಾಗಿತ್ತು. ಪ್ರಾಣ ಹೋಯಿತು ಅನ್ನೋ ಮಾತಿಗೇ ಇಳಿದದ್ದು. ನಾನು ನೋಡ್ತಿದ್ದೆ."

ಅವರು ಚಪಾತಿ ಮುರಿದರು. "ಅಲ್ಲೇ ಹೋಗದೆ ಇನ್ನೆಲ್ಲಿ ಹೋಗತ್ತಮ್ಮ? ನಾವು ಹೋದಾಗ ಸತ್ತಿದ್ದ."

"ನಾವು ಹೋದಾಗ ಬೆಚ್ಚಗಿದ್ದ ಸರ್."

"ಅದನ್ನೇ ತಾನೆ ಹೇಳ್ತಿರೋದು. ಬೆಚ್ಚಗಿದ್ದ, ಅಂದರೆ ಸತ್ತಿ..."

ಅವರು ಮಾತು ಮುಗಿಸಲಿಲ್ಲ. ನಾನು ಹೇಳಿದ್ದನ್ನು ನಾನೂ ಆಗಲೇ ಕೇಳಿಸಿಕೊಂಡದ್ದು. ಕಂಬಿಗೆ ಹಣೆ ಒತ್ತಿಕೊಂಡ ಸಂಗವ್ವನ ಮುಖ ಕಣ್ಣೆದುರಿಗೆ ಬಂತು, ಬೆಚ್ಚಗಿದ್ರಲ್ರೀ ಎಂದ ಮುಖ. ಅವಳ ಊರಿನಲ್ಲಿ, ಎಲ್ಲ ಊರುಗಳಲ್ಲಿ, ಬೆಚ್ಚಗಿರುವವನು ಬದುಕಿರುವವನು. ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದವನಿಗೆ ನೀರು ಚಿಮುಕಿಸುತ್ತಾರೆ, ಗಾಳಿ ಹಾಕುತ್ತಾರೆ, ಗಾಡಿ ಕಟ್ಟಿ ಆಸ್ಪತ್ರೆಗೆ ಒಯ್ಯುತ್ತಾರೆ. ಆ ಹಿತ್ತಲಲ್ಲಿ ಅದನ್ನು ಬಲ್ಲವಳು ಒಬ್ಬಳೇ ಇದ್ದಳು, ಅವಳ ಎರಡೂ ರಟ್ಟೆಯನ್ನು ಹಿಡಿದುಕೊಂಡಿದ್ದರು. ನಾನು ಬಾಗಿಲ ಹತ್ತಿರ ನಿಂತು, ಅವಳು ಯಾಕಿಷ್ಟು ಒದ್ದಾಡುತ್ತಿದ್ದಾಳೆ ಎಂದು ಅನುಮಾನದಿಂದ ನೋಡುತ್ತಿದ್ದೆ.

"ಹತ್ತಿ" ಎಂದೆ.

ಧರಣೇಂದ್ರಯ್ಯನವರು ತಮ್ಮ ಬಲಗೈಯನ್ನು ನೋಡುತ್ತಿದ್ದರು. ಬೆರಳುಗಳ ನಡುವೆ ತುತ್ತು ಹಾಗೇ ಇತ್ತು. ಅಂಗಾಲು ಮುಟ್ಟಿದ್ದು ಅದೇ ಕೈ. ಕಿಟಕಿಯ ಬಿಸಿಲು ಫೈಲುಗಳ ಮೇಲಿಂದ ಸರಿದು ಗೋಡೆಗೆ ಹೋಯಿತು, ಗೋಡೆಯಿಂದಲೂ ಹೋಯಿತು. ಅವರು ತುತ್ತನ್ನು ತಟ್ಟೆಯಲ್ಲಿಟ್ಟು ತಟ್ಟೆಯನ್ನು ದೂರ ಸರಿಸಿದರು.

"ಹತ್ತಿ ಇಟ್ಟದ್ದು ಯಾರು?" ಎಂದರು.

"ಪುಟ್ಟತಾಯಮ್ಮ."

"ನೀನು ನೋಡಿದೆಯಾ?"

"ನೋಡಿದೆ ಸರ್. ಎಲ್ಲರೂ ನೋಡಿದೆವು."

"ಒಪ್ಪಿಸುವಾಗ ಹೆತ್ತವಳು ಕೈ ಹಿಡಿದೇ ಕೂತಿರಬೇಕು" ಎಂದರು ಅವರು. "ಅದು ಪದ್ಧತಿ. ಅವಳ ಮುಖದ ಮುಂದೆ ನಿಂತು, ನಿನ್ನ ಮಗನ ಉಸಿರು ಕಟ್ಟಿಸಿದ್ದು ನಿನ್ನ ಬೆರಳು ಅಂತ ಹೇಗೆ ಹೇಳೋದು? ನಾನು ಹೇಳೋದಿಲ್ಲ. ಸತ್ತಿದ್ದಾನೆ ಅಂದವನು ನಾನು. ನನ್ನ ಮಾತಿಗೆ ಅವಳ ಕೈ ಆಡಿತು. ಹತ್ತಿ ನಾನೇ ಇಟ್ಟೆ ಅಂತೀನಿ."

"ಅದು ನಿಜ ಅಲ್ಲವಲ್ಲ ಸರ್."

"ನಿಜಕ್ಕಿಂತ ಕಡಿಮೆಯೂ ಅಲ್ಲ."

"ತಣ್ಣಗಾಗದಿದ್ದರೆ? ಇದು ಎರಡನೆಯ ಸಲ. ಸಂಗವ್ವನನ್ನ..."

ಅವರು ಎದ್ದು ತಟ್ಟೆಯನ್ನು ಒಳಗೆ ಒಯ್ದರು. ನಾನು ಮನೆಗೆ ಹೋಗುವಾಗ ಬೀದಿಯಲ್ಲಿ ಗೋಡೆಗೊರಗಿ ಮಲಗಿದ್ದ ಭಿಕ್ಷುಕನೊಬ್ಬನನ್ನು ದಾಟಿದೆ. ಹಿಂದಕ್ಕೆ ಬಂದೆ. ಬಗ್ಗಿ ಅವನ ಮೂಗಿನ ಮುಂದೆ ಕೈ ಹಿಡಿದೆ. ಅವನು ಕಣ್ಣು ತೆರೆದು ಬೈದ. ಬೈಗುಳ ಕೇಳಿ ನನಗೆ ಅಳು ಬಂತು.

ಎರಡನೆಯ ಸಲ ಒಪ್ಪಿಸಿದ್ದು ಅದೇ ವಾರ, ಬೆಳಗಿನ ಹೊತ್ತು. ಕಾಯುವ ಮನೆಯ ಕಿಟಕಿಗಳನ್ನೆಲ್ಲ ತೆರೆದಿದ್ದರು. ಇನ್‌ಸ್ಪೆಕ್ಟರು ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಗೋಡೆಗೆ ಒರಗಿದ್ದರು, ಇವತ್ತಿಗೆ ಮುಗಿಯಿತಲ್ಲ ಎಂಬ ಹಾಗೆ. ಡಾಕ್ಟರು ತಲೆಯ ಕಡೆ, ನಾನು ಪಾದದ ಕಡೆ. ಪುಟ್ಟತಾಯಮ್ಮ ಮಗನ ಬಲಗೈ ಹಿಡಿದು ಕೂತಿದ್ದಳು. ಗಂಗೂಬಾಯಿ ಸಂಗವ್ವನನ್ನು ಬಾಗಿಲಿನಿಂದ ಒಳಗೇ ಕರೆತಂದು ನಿಲ್ಲಿಸಿದ್ದಳು. ಇದು ಕೊನೆಯ ಸಲವಾದ್ದರಿಂದ ಆರೋಪಿ ಒಳಗಿರಬೇಕು.

"ಅವಳನ್ನ ಯಾಕೆ ಹತ್ರ ತಂದ್ರಿ" ಎಂದಳು ಪುಟ್ಟತಾಯಮ್ಮ. "ಅವಳ ನೆರಳು ಬೀಳ್ತದೆ ನನ್ನ ಮಗನ ಮೇಲೆ."

"ಕಾನೂನು ಕಣಮ್ಮ" ಎಂದಳು ಗಂಗೂಬಾಯಿ.

ಧರಣೇಂದ್ರಯ್ಯನವರು ಶುರು ಮಾಡಿದರು. ಕೈಯಲ್ಲಿ ಕಾಗದವಿರಲಿಲ್ಲ. ಸಿಟ್ಟು, ಪಾಚಿ, ಕಲ್ಲಿನ ಅಂಚು, ಒಲೆಯ ಮುಂದಿದ್ದ ಹೆಂಡತಿ. ಪಾದ, ಮೊಣಕಾಲು, ಸೊಂಟ. ಡಾಕ್ಟರು ತಲೆಯಾಡಿಸಿದರು.

"ನಿನ್ನ ಹೆಂಡತಿ ನೀರು ತಂದಳು ಸೋಮಣ್ಣ" ಎಂದರು ಅವರು. "ನಿನ್ನನ್ನು ಎಬ್ಬಿಸಲಿಕ್ಕೆ ತಂದಳು. ಅಷ್ಟರಲ್ಲಿ ನಾನು ಬಂದಿದ್ದೆ. ನಿನ್ನ ಅಂಗಾಲು ಮುಟ್ಟಿ ಸತ್ತಿದ್ದಾನೆ ಅಂದೆ. ನೀನು ಸತ್ತಿರಲಿಲ್ಲ."

ಇನ್‌ಸ್ಪೆಕ್ಟರು ಗೋಡೆಯಿಂದ ಬೆನ್ನು ತೆಗೆದರು. "ಏನು ವಕೀಲರೇ ಇದು" ಎಂದರು, ನಗಲು ಹೊರಟವರ ಹಾಗೆ. ಡಾಕ್ಟರು ಕೈಯೆತ್ತಿ ಅವರನ್ನು ತಡೆದರು. ಅವರ ಇನ್ನೊಂದು ಕೈ ಸೋಮಣ್ಣನ ಹೊಟ್ಟೆಯ ಮೇಲಿತ್ತು. "ಏರ್ತಾ ಇದೆ" ಎಂದರು ಡಾಕ್ಟರು.

ಪುಟ್ಟತಾಯಮ್ಮ ವಕೀಲರನ್ನೇ ನೋಡುತ್ತಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು.

"ನಿನಗೆ ಎಚ್ಚರ ತಪ್ಪಿತ್ತು, ಅಷ್ಟೇ. ಬೆಚ್ಚಗಿದ್ದದ್ದಕ್ಕೆ ಕೊಲೆ ಅಂದೆ. ನಿನ್ನ ಹೆಂಡತಿಯನ್ನು ಹಿಡಿಸಿದೆ. ನೀನು ಉಸಿರಾಡ್ತಿದ್ದೆ, ನಾವು ಬೀದಿಯವರೆಲ್ಲ ಸುತ್ತ ನಿಂತಿದ್ದೆವು." ಇಲ್ಲಿ ಅವರು ನಿಂತರು. ನನ್ನ ಕಡೆ ಒಮ್ಮೆ ನೋಡಿದರು, ನಾನು ತಲೆ ತಗ್ಗಿಸಿದೆ. "ನಿನ್ನ ಮೂಗಿಗೆ ಹತ್ತಿ ಇಟ್ಟು, ದವಡೆ ಬಿಗಿದು, ನಿನ್ನ ಉಸಿರು ನಿಲ್ಲಿಸಿದ್ದು ನನ್ನ ಕೈ."

ಡಾಕ್ಟರ ಕೈ ಎದೆಯ ಮೇಲೆ ಬಂದಿತ್ತು, ಅಲ್ಲೇ ನಿಂತಿತು. ಅವರು ಸ್ವಲ್ಪ ಕಾದರು. ಕತ್ತು ಮುಟ್ಟಿದರು, ಮತ್ತೆ ಎದೆ ಮುಟ್ಟಿದರು.

"ನಿಂತುಬಿಟ್ಟಿದೆ" ಎಂದರು.

ನಾನು ಉಗುರು ನೋಡಿದೆ. ಬೂದಿ ಬಣ್ಣದ ಅಂಚಿನಲ್ಲಿ ಸಣ್ಣ ಕೆಂಪು ಗೆರೆಯೊಂದು ಕಾಣಿಸಿಕೊಳ್ಳುತ್ತಿತ್ತು. ಅದು ಪೂರ್ತಿ ಕೆಂಪಾದರೆ ಸಂಗವ್ವನಿಗೆ ಇನ್ನು ದಾರಿಯಿಲ್ಲ. ಧರಣೇಂದ್ರಯ್ಯನವರು ಮಾತು ತಿದ್ದಲಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ ಸತ್ತವನ ಮುಂದೆ ಸುಳ್ಳಾಡಿ, ಅದನ್ನು ಹಿಂತೆಗೆದುಕೊಳ್ಳಲಾಗದೆ ನಿಂತಿದ್ದರು. ಜೂನಿಯರೂ ಒಪ್ಪಿಸಬಹುದು, ಕಾನೂನಿನಲ್ಲಿ ಅವಕಾಶವಿದೆ. ನಾನು ಬಾಯಿ ತೆರೆದೆ. ಪುಟ್ಟತಾಯಮ್ಮನ ಹೆಸರು ನಾಲಿಗೆಯ ಮೇಲಿತ್ತು. ಅವಳ ಬೆರಳುಗಳನ್ನು ನೋಡಿದೆ, ಮಗನ ಕೈಯನ್ನು ಸವರುತ್ತಿದ್ದ ಗಂಟು ಗಂಟಾದ ಬೆರಳುಗಳು. ಬಾಯಿ ಮುಚ್ಚಿಕೊಂಡೆ.

"ಸುಳ್ಳು ಯಾಕೆ ಹೇಳ್ತೀರಿ ವಕೀಲರೇ" ಎಂದಳು ಪುಟ್ಟತಾಯಮ್ಮ.

ಅವಳು ಗಟ್ಟಿಯಾಗಿ ಹೇಳಲಿಲ್ಲ. ಅಕ್ಕಿಯಲ್ಲಿ ಕಲ್ಲು ತೋರಿಸುವ ಹಾಗೆ ಹೇಳಿದಳು.

"ನೀವು ಹತ್ತಿ ಮುಟ್ಟಿದ್ದು ಯಾವಾಗ. ನೀವು ಗಂಡಸರ ಜೊತೆ ಅಲ್ಲಿ ನಿಂತಿದ್ರಿ. ಹತ್ತಿ ಇಟ್ಟೋಳು ನಾನು. ಬಟ್ಟೆ ಕಟ್ಟಿದೋಳು ನಾನು." ಆಮೇಲೆ ಅವಳಿಗೆ ತಾನು ಹೇಳಿದ್ದು ಕೇಳಿಸಿತು. ಅದು ಒಳಗೆ ಇಳಿಯುವುದನ್ನು ನಾನು ನೋಡಿದೆ. ನೋಡದೆ ಇರಬಹುದಾಗಿದ್ದರೆ ನೋಡುತ್ತಿರಲಿಲ್ಲ. "ಇವನು ಬದುಕಿದ್ನಾ?" ಎಂದಳು. "ಆಗ?"

ಅವಳು ತನ್ನ ಮಡಿಲಿನಲ್ಲಿದ್ದ ಮಗನ ಕೈಯನ್ನು ಒಮ್ಮೆ ಒತ್ತಿದಳು, ಇನ್ನೊಮ್ಮೆ ಒತ್ತಿದಳು.

"ಕೈ ಹೋಯ್ತು" ಎಂದಳು. "ತಣ್ಣಗಾಯ್ತು ಕೈ."

ಡಾಕ್ಟರು ಕತ್ತು ಮುಟ್ಟಿದರು. "ಕತ್ತೂ ಆಯಿತು" ಎಂದರು. ಕೆನ್ನೆ ಮುಟ್ಟಿದರು. ಹಣೆ ಮುಟ್ಟಿದರು. ಅಂಗೈಯನ್ನು ಅಲ್ಲೇ ಇಟ್ಟುಕೊಂಡು ಬಹಳ ಹೊತ್ತು ಕಾದರು. "ಮುಖ ಬೆಚ್ಚಗಿದೆ. ಇನ್ನೂ ಏನೋ ಉಳಿದಿದೆ."

"ಇನ್ನೇನು ಉಳಿದಿದೆ ಡಾಕ್ಟ್ರೇ" ಎಂದರು ಇನ್‌ಸ್ಪೆಕ್ಟರು. ಅವರ ದನಿಯಲ್ಲಿ ಮೊದಲಿನ ಪೊಲೀಸು ಗತ್ತು ಇರಲಿಲ್ಲ. "ಎಲ್ಲ ಹೇಳಿದ ಹಾಗಾಯ್ತಲ್ಲ."

ಧರಣೇಂದ್ರಯ್ಯನವರು ನನ್ನ ಕಡೆ ನೋಡಿದರು. ನನಗೂ ಗೊತ್ತಿರಲಿಲ್ಲ. ಬಿದ್ದದ್ದು, ನೀರು, ನಮ್ಮೆಲ್ಲರ ತಪ್ಪು, ಹತ್ತಿ. ಆ ಹಿತ್ತಲಲ್ಲಿ ನಡೆದದ್ದರಲ್ಲಿ ನಾವು ನೋಡಿದ್ದನ್ನೆಲ್ಲ ಹೇಳಿಯಾಗಿತ್ತು. ಉಳಿದದ್ದು ನೋಡುವವರಿಗೆ ಕಾಣುವಂಥದ್ದಲ್ಲ.

ಆಗ ಸಂಗವ್ವ ಮುಂದೆ ಬಂದಳು. ಅವಳ ಮಣಿಕಟ್ಟು ಹಿಡಿದಿದ್ದ ಗಂಗೂಬಾಯಿ ತಡೆಯದೆ ತಾನೂ ಜೊತೆಗೆ ಬಂದಳು. ಜೈಲಿಗೆ ಹೋದಂದಿನಿಂದ ಸಂಗವ್ವ ಅತ್ತೆಯನ್ನು ಮಾತಾಡಿಸಿರಲಿಲ್ಲ. ಈಗ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಸಿಟ್ಟಿನಿಂದ ಕೇಳಿದಳೆಂದು ಹೇಳಲಾರೆ, ಕರುಣೆಯಿಂದ ಎಂದೂ ಹೇಳಲಾರೆ. ಗೊತ್ತಾಗಬೇಕಾಗಿದ್ದದ್ದನ್ನು ಕೇಳಿದಳು.

"ಹತ್ತಿ ಇಡುವಾಗ ಬೆರಳಿಗೆ ಉಸಿರ ತಾಕಲಿಲ್ಲೇನ್ರಿ ಅತ್ತಿ?"

ಪುಟ್ಟತಾಯಮ್ಮ ಸೊಸೆಯ ಕಡೆ ತಿರುಗಲಿಲ್ಲ. ಮಗನ ಮುಖವನ್ನೇ ನೋಡುತ್ತ ತನ್ನ ತೋರುಬೆರಳನ್ನು ಹೆಬ್ಬೆರಳಿನಿಂದ ಉಜ್ಜಿಕೊಂಡಳು.

"ತಾಕ್ತು ಕಣೆ" ಎಂದಳು. "ಬೆಚ್ಚಗೆ ತಾಕ್ತು. ಹತ್ತಿ ಹೊರಕ್ಕೆ ಬಂದಂಗಾಯ್ತು. ಸತ್ತೋರು ಬೆಚ್ಚಗೇ ಇರ್ತಾರಲ್ಲ, ಅದೇ ಇರಬೇಕು ಅಂತ ಇನ್ನೊಂಚೂರು ಒತ್ತಿದೆ."

ನಾನು ಕಣ್ಣು ಮುಚ್ಚಿಕೊಂಡೆ. ಕಿಟಕಿಯಾಚೆ ಆಸ್ಪತ್ರೆಯ ಅಂಗಳದಲ್ಲಿ ಯಾರೋ ಬಕೆಟ್ಟು ಎಳೆದುಕೊಂಡು ಹೋಗುತ್ತಿದ್ದರು. ಆ ಸದ್ದು ದೂರವಾಯಿತು.

"ಆಯಿತು" ಎಂದರು ಡಾಕ್ಟರ್ ಲೋಬೊ. "ಹಣೆ ತಣ್ಣಗಾಯಿತು."

ಧರಣೇಂದ್ರಯ್ಯನವರು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟರು. ಯಾರ ಹೆಸರು ಬರೆದುಕೊಳ್ಳಬೇಕೆಂದು ಇನ್‌ಸ್ಪೆಕ್ಟರು ಕೇಳಿದಾಗ, "ಮೊದಲು ನನ್ನದು" ಎಂದರು. ಇನ್‌ಸ್ಪೆಕ್ಟರು ಬರೆಯಲಿಲ್ಲ, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. ಪುಟ್ಟತಾಯಮ್ಮ ಅಳಲಿಲ್ಲ. ಮಗನ ಕೈಯನ್ನು ಬಿಟ್ಟು, ತನ್ನ ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತಳು, ಅದು ಯಾರ ಕಣ್ಣಿಗೂ ಬೀಳಬಾರದೆಂಬಂತೆ.

ಕಾನೂನಿನ ಪ್ರಕಾರ ಹಣೆ ತಣ್ಣಗಾದ ಕ್ಷಣದಿಂದ ಆರೋಪಿ ಬಿಡುಗಡೆ. ಗಂಗೂಬಾಯಿಗೆ ಅದು ಸ್ವಲ್ಪ ತಡವಾಗಿ ನೆನಪಾಯಿತು. ಅವಳು ಸಂಗವ್ವನ ಮಣಿಕಟ್ಟು ಬಿಟ್ಟಳು. ಹಿಡಿದ ಜಾಗ ಕೆಂಪಾಗಿತ್ತು. ಸಂಗವ್ವ ಆ ಕೈಯನ್ನು ಗಂಡನ ಎದೆಯ ಹತ್ತಿರ ತಂದಳು, ಮುಟ್ಟಲಿಲ್ಲ. ಅತ್ತೆಯ ಬೆನ್ನಿನ ಹತ್ತಿರ ತಂದಳು, ಅಲ್ಲೂ ಮುಟ್ಟಲಿಲ್ಲ. ಬಿಡುಗಡೆಯಾದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ, ನಮ್ಮೆಲ್ಲರ ನಡುವೆ ಅದನ್ನು ಗಾಳಿಯಲ್ಲೇ ಹಿಡಿದುಕೊಂಡು ಕೂತಿದ್ದಳು.